ಹಸಿರು ಗೆರೆಯ ಉಪ್ಪು

“ಇದನ್ನ ಯಾಕ್ರೀ ವಾಪಸ್ ಹೊತ್ಕೊಂಡು ಬಂದ್ರಿ?”

ಸೇತುರಾಮ ಗೋಣಿಚೀಲದ ಬಾಯಿ ಬಿಚ್ಚಿ ಒಳಗೆ ಇಣುಕಿದ. ರಾಮಮ್ಮ ಅದನ್ನು ಬ್ಯಾಡರಹಳ್ಳಿಯಿಂದ ಬಸ್ಸಿನಲ್ಲಿ ಕಾಲ ಸಂದಿಯಲ್ಲಿಟ್ಟುಕೊಂಡು ತಂದು, ಟೋಲ್‌ಗೇಟಿನಲ್ಲಿ ಇಳಿದು, ಅಲ್ಲಿಂದ ರಾಜಾಜಿನಗರದವರೆಗೆ ತಲೆಯ ಮೇಲೆ ಹೊತ್ತು ನಡೆದಿದ್ದಳು. ನಲವತ್ತೊಂದು ಪೊಟ್ಟಣ ಉಳಿದಿದ್ದವು. ಎರಡು ವರ್ಷದ ಉಪ್ಪಿನ ಕೆಲಸ ಹಿಂದಿನ ವಾರಕ್ಕೆ ಮುಗಿದಿತ್ತು. ಉಪ್ಪು ಕೊಡುತ್ತಿದ್ದ ಸಂಸ್ಥೆಯವರು ಕೊನೆಯ ಸಲ ಊರಿಗೆ ಬಂದು, ಹೆಂಗಸರು ಮಕ್ಕಳ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು, ಎಲ್ಲರಿಗೂ ಒಂದೊಂದು ಬಾಳೆಹಣ್ಣು ಕೊಟ್ಟು ಹೋಗಿದ್ದರು.

“ಒಂದು ಪೊಟ್ಟಣಾನೂ ಆಚೆ ಈಚೆ ಆಗಬಾರದು ಅಂತ ಡಾಕ್ಟ್ರಮ್ಮ ಹೇಳವ್ರಲ್ಲ ಸಾರ್,” ಎಂದಳು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ. “ಔಷಧಿ ಉಪ್ಪು. ನಾನು ಮಡಿಕ್ಕಂಡರೆ ನಾಳೆ ಯಾರಾದರೂ ಏನಾದರೂ ಅಂದಾರು.”

ಸೇತುರಾಮ ಸಂಸ್ಥೆಯ ಉಗ್ರಾಣದ ಉಸ್ತುವಾರಿಯವನು. ಐವತ್ತರ ಹತ್ತಿರದವನು, ಯಾರೊಂದಿಗೂ ಬಿರುಸಾಗಿ ಮಾತಾಡಿದವನಲ್ಲ. ಪೊಟ್ಟಣಗಳಿಗೆ ಉಪ್ಪು ತುಂಬಿಸಿ, ಬಾಯಿ ಅಂಟಿಸಿ, ಜೀಪಿಗೆ ಏರಿಸುವುದು ಅವನ ಕೆಲಸ. ಒಂದು ಪೊಟ್ಟಣ ಎತ್ತಿ ಬೆಳಕಿಗೆ ಹಿಡಿದು, ಅದರ ಮೇಲೆ ಅಡ್ಡಲಾಗಿ ಎಳೆದಿದ್ದ ಹಸಿರು ಗೆರೆಯನ್ನು ಹೆಬ್ಬೆರಳಿನಿಂದ ಸವರಿದ.

“ಔಷಧಿ ಉಪ್ಪು ಕೆಂಪು ಗೆರೇದು ರಾಮಮ್ಮ. ಇದು ಬರೀ ಉಪ್ಪು. ಅಂಗಡೀಲಿ ಸಿಗತ್ತಲ್ಲ, ಅದೇ. ನಾನೇ ಪುಡಿ ಮಾಡ್ಸಿ ತುಂಬ್ಸಿದ್ದು. ನಲವತ್ತೊಂದು ಪೊಟ್ಟಣ ಅಂದ್ರೆ ನಿಮಗೆ ವರ್ಷ ಪೂರ್ತಿ ಬರತ್ತೆ, ತಗೊಂಡು ಹೋಗಿ.”

ರಾಮಮ್ಮನಿಗೆ ಅವನು ಹೇಳಿದ್ದು ಅರ್ಥವಾಗಲಿಲ್ಲ. ಕೆಂಪು ಗೆರೆಯ ಪೊಟ್ಟಣವನ್ನು ಅವಳು ನೋಡಿಯೇ ಇರಲಿಲ್ಲ.

“ಕೆಂಪು ಗೆರೇದು ಯಾರಿಗೆ ಕೊಟ್ರಿ?”

“ಕೆಂಗೇರಿ ಆಚೆ ಚಿಕ್ಕಮಾರನಪಾಳ್ಯ ಅಂತಿದೆಯಲ್ಲ, ಅಲ್ಲಿಗೆ. ಅವರಿಗೆ ಕಬ್ಬಿಣ ಸೇರಿಸಿದ್ದು, ನಿಮಗೆ ಸೇರಿಸದೆ ಇರೋದು. ಹೋಲಿಸಿ ನೋಡೋಕೆ ಒಂದು ಊರು ಬೇಕಲ್ವಾ?” ಅವಳ ಮುಖ ನೋಡಿ ಸೇತುರಾಮನ ದನಿ ತಗ್ಗಿತು. “ನಿಮಗೆ ಹೇಳಿಲ್ವಾ? ಕೆಲಸ ಮುಗೀತಲ್ಲ, ಹೇಳಿರ್ತಾರೆ ಅಂದ್ಕೊಂಡೆ.”

ರಾಮಮ್ಮ ಅಲ್ಲೇ ಇದ್ದ ಉಪ್ಪಿನ ಮೂಟೆಯ ಮೇಲೆ ಕುಳಿತಳು. ಹೊರಗೆ ರಸ್ತೆಯಲ್ಲಿ ಗಾಣದೆಣ್ಣೆ ಮಾರುವವನು ಕೂಗಿಕೊಂಡು ಹೋದ. ಸೇತುರಾಮ ಹೂಜಿಯಿಂದ ನೀರು ಬಗ್ಗಿಸಿ ಲೋಟ ಮುಂದೆ ಹಿಡಿದ. ಅವಳು ಅದನ್ನು ತೆಗೆದುಕೊಂಡಳು, ಆದರೆ ಕುಡಿಯಲಿಲ್ಲ.

ಡಾಕ್ಟರ್ ಜಗದಾಂಬಾ ಮೊದಲ ಸಲ ಬ್ಯಾಡರಹಳ್ಳಿಗೆ ಬಂದಾಗ ಎಮರ್ಜೆನ್ಸಿ ಮುಗಿದು ಆರು ತಿಂಗಳೂ ಆಗಿರಲಿಲ್ಲ. ಊರಿನೊಳಗೆ ಜೀಪು ಬಂತೆಂದರೆ ಗಂಡಸರು ಸಂತಾನಶಕ್ತಿಹರಣದ ಆಪರೇಷನ್ ಭಯಕ್ಕೆ ಹಿತ್ತಲಿನಿಂದ ಹೊಲಕ್ಕೆ ಇಳಿಯುತ್ತಿದ್ದ ಕಾಲ. ಆ ದಿನವೂ ಹಾಗೇ ಆಯಿತು. ಜೀಪಿನಿಂದ ಇಳಿದದ್ದು ಮಾತ್ರ ಹತ್ತಿಯ ಸೀರೆಯುಟ್ಟ, ದಪ್ಪ ಕನ್ನಡಕದ, ನಲವತ್ತರ ಒಬ್ಬ ಹೆಂಗಸು. ಹಣೆಯಲ್ಲಿ ವಿಭೂತಿ. ದಾವಣಗೆರೆ ಕಡೆಯ ಮಾತು. ಊರಿನಲ್ಲಿ ಓದು ಬರಹ ಬಲ್ಲ ಹೆಂಗಸರು ಯಾರು ಎಂದು ಕೇಳಿದಾಗ ಎಲ್ಲರೂ ದೊಡ್ಡಣ್ಣನ ಮನೆ ತೋರಿಸಿದರು. ದೊಡ್ಡಣ್ಣನ ಹೆಂಡತಿ ರಾಮಮ್ಮ ಎಂಟನೇ ಕ್ಲಾಸು ಪಾಸು ಮಾಡಿದವಳು. ಊರಿನ ಹೆಂಗಸರ ಕಾಗದ ಪತ್ರ ಓದಿ ಹೇಳುವವಳೂ ಅವಳೇ.

ಜಗದಾಂಬಾ ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಸಾವಧಾನವಾಗಿ ವಿಷಯ ಹೇಳಿದ್ದರು. ಹೆಂಗಸರಿಗೆ ಬರುವ ಸುಸ್ತು, ಏದುಸಿರು, ತಲೆ ಸುತ್ತು, ಬಸುರಿಯರಿಗೆ ಮಣ್ಣು ತಿನ್ನುವ ಆಸೆ, ಇವೆಲ್ಲ ದೆವ್ವ ಗಾಳಿಯಲ್ಲ, ರಕ್ತದಲ್ಲಿ ಕಬ್ಬಿಣ ಸಾಲದ್ದು. ದಿನವೂ ತಿನ್ನುವ ಉಪ್ಪಿನಲ್ಲೇ ಒಂದಿಷ್ಟು ಕಬ್ಬಿಣ ಬೆರೆಸಿಬಿಟ್ಟರೆ ಯಾರೂ ಮಾತ್ರೆ ನುಂಗಬೇಕಿಲ್ಲ, ಟಾನಿಕ್ಕು ಕುಡಿಯಬೇಕಿಲ್ಲ. “ಬಡವರು ಹಾಲು ಬಿಟ್ಟಾರು, ತುಪ್ಪ ಬಿಟ್ಟಾರು. ಉಪ್ಪು ಬಿಡಂಗಿಲ್ಲ ನೋಡವಾ,” ಎಂದಿದ್ದರು. ಮಾತಾಡುತ್ತ ಮಧ್ಯಾಹ್ನವಾಯಿತು. ಲಿಂಗವಂತರು, ನಮ್ಮ ಮನೆಯಲ್ಲಿ ಉಣ್ಣುವವರಲ್ಲ ಎಂದು ರಾಮಮ್ಮ ಸುಮ್ಮನಿದ್ದಳು. “ಏನು ಅಡುಗಿ ಮಾಡೀದಿ ರಾಮವ್ವಾ? ಹಸಿವಾಗೇತಿ,” ಎಂದು ಅವರೇ ಕೇಳಿದರು. ಅಂದು ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಜಗದಾಂಬಾ ಮುದ್ದೆ ಮುರಿದು ನುಂಗಲು ಬಾರದೆ ಅಗಿದು ಅಗಿದು ತಿಂದರು. ಬಾಗಿಲಲ್ಲಿ ಗುಂಪಾಗಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಊರು ಅವರನ್ನು ನಂಬಿದ್ದು ಆ ಊಟದಿಂದ.

ಆದರೂ ಉಪ್ಪನ್ನು ನಂಬಲಿಲ್ಲ. ಇದು ಮಕ್ಕಳಾಗದಂತೆ ಮಾಡುವ ಉಪ್ಪು ಎಂದು ಯಾರೋ ಎಬ್ಬಿಸಿದರು. ಮೊದಲ ವಾರ ಹಂಚಿದ ಪೊಟ್ಟಣಗಳಲ್ಲಿ ಅರ್ಧ ತಿಪ್ಪೆಗೆ ಬಿದ್ದವು. ರಾಮಮ್ಮ ಆ ಪೊಟ್ಟಣಗಳನ್ನು ಹೆಕ್ಕಿ ತಂದು, ನೀರಿನ ಬಾವಿಯ ಹತ್ತಿರ ಎಲ್ಲರೂ ಇದ್ದಾಗ ಒಂದನ್ನು ಹಲ್ಲಿನಿಂದ ಹರಿದು, ಅಂಗೈಗೆ ಸುರಿದುಕೊಂಡು ನೆಕ್ಕಿದಳು. “ನನ್ನ ಮಗೀನ ಮೇಲಾಣೆ ಕಣ್ರವ್ವ. ಇದ್ರಾಗೆ ಕಬ್ಬಿಣ ಬಿಟ್ರೆ ಬ್ಯಾರೆ ಏನೂ ಇಲ್ಲ,” ಎಂದಳು. ಮಗನ ಮೇಲೆ ಆಣೆ ಇಟ್ಟ ಮೇಲೆ ಯಾರೂ ಎದುರಾಡಲಿಲ್ಲ. ಅಲ್ಲಿಂದ ಎರಡು ವರ್ಷ, ಪ್ರತಿ ಮಂಗಳವಾರ, ನೂರಾ ಮೂವತ್ತು ಮನೆಗಳಿಗೆ ಅವಳು ಉಪ್ಪು ಹಂಚಿದಳು. ಕಲ್ಲುಪ್ಪಿನ ಗಡಿಗೆಗಳನ್ನು ಬರಿದು ಮಾಡಿಸಿ ಪುಡಿ ಉಪ್ಪು ತುಂಬಿಸಿದಳು. ಅಂಗಡಿ ಉಪ್ಪು ತಂದವರನ್ನು ಗದರಿದಳು. ಆರು ತಿಂಗಳಿಗೊಮ್ಮೆ ರಕ್ತ ತೆಗೆಯುವಾಗ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವರ ಬೆರಳು ಹಿಡಿದಳು.

ಮೂರು ತಿಂಗಳಾಗುತ್ತಲೇ ಅವಳಿಗೆ ತನ್ನ ಮೈಯಲ್ಲೇ ಗುಣ ಕಂಡಿತ್ತು. ಬಾವಿಯಲ್ಲಿ ನೀರು ಸೇದುವಾಗ ಮೊದಲಿನಂತೆ ಉಸಿರು ಕಟ್ಟುತ್ತಿಲ್ಲ, ಸಂಜೆ ಕಾಲು ಸೋಲುತ್ತಿಲ್ಲ ಎನಿಸಿತು. ಅದನ್ನು ಮನೆಮನೆಗೂ ಹೇಳಿದಳು. ಜಗದಾಂಬಾ ಬಂದಾಗ ಅವರಿಗೂ ಹೇಳಿದಳು. ಅವರು ಅವಳ ಬೆನ್ನು ಸವರಿ, “ಚಲೋ ಆತು,” ಎಂದಿದ್ದರು.

ಈಗ ಉಪ್ಪಿನ ಮೂಟೆಯ ಮೇಲೆ ಕುಳಿತು, ಆ ಕೈ ಬೆನ್ನ ಮೇಲೆ ಆಡಿದ್ದನ್ನು ರಾಮಮ್ಮ ನೆನೆದಳು. ನೀರಿನ ಲೋಟವನ್ನು ನೆಲದ ಮೇಲಿಟ್ಟು ಎದ್ದಳು.

“ಡಾಕ್ಟ್ರಮ್ಮ ಅವ್ರಾ ಮ್ಯಾಲೆ?”

“ಇದಾರೆ. ರಾಮಮ್ಮ, ನಾನು ಹೇಳ್ದೆ ಅಂತ...”

ಅವಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು.

ಜಗದಾಂಬಾ ಮೇಜಿನ ಮೇಲೆ ಕಾಗದಗಳನ್ನು ಹರಡಿಕೊಂಡಿದ್ದರು. ಮುಂದಿನ ವಾರ ಡೆಲ್ಲಿಯಲ್ಲಿ ಸಭೆ ಇತ್ತು. ಬಾಗಿಲಲ್ಲಿ ರಾಮಮ್ಮನನ್ನು ಕಂಡು ಕನ್ನಡಕ ತೆಗೆದು ನಕ್ಕರು. “ಬಾರವಾ ರಾಮವ್ವ, ಕೂತ್ಕ. ನಿನ್ನ ನೆನಸಿಕೊಳ್ತಾ ಇದ್ದೆ. ದೊಡ್ಡ ಕೆಲಸ ಆತು ನೋಡು ನಿನ್ನಿಂದ.”

ಮೇಜಿನ ಮೇಲೆ ಚೌಕಳಿ ಹಾಕಿದ ಒಂದು ದೊಡ್ಡ ಹಾಳೆ ಇತ್ತು. ಅದರಲ್ಲಿ ಎರಡು ಗೆರೆ. ಕೆಂಪು ಗೆರೆ ಎಡಗಡೆಯ ಕೆಳಗಿನಿಂದ ಹೊರಟು ದಿಬ್ಬ ಹತ್ತಿದಂತೆ ಮೇಲೆ ಮೇಲೆ ಹೋಗಿತ್ತು. ಹಸಿರು ಗೆರೆ ಹೊರಟ ಜಾಗದಿಂದ ಎದ್ದೇ ಇರಲಿಲ್ಲ. ಕೊನೆಗೆ ಕೊಂಚ ಕೆಳಗೇ ಬಾಗಿತ್ತು. ಅಕ್ಷರಗಳೆಲ್ಲ ಇಂಗ್ಲಿಷಿನವು. ರಾಮಮ್ಮನಿಗೆ ಅವು ಬೇಕಿರಲಿಲ್ಲ.

“ಈ ಹಸಿರುದು ನಮ್ಮೂರಾ?” ಎಂದಳು.

ಜಗದಾಂಬಾ ಕನ್ನಡಕ ಮತ್ತೆ ಹಾಕಿಕೊಂಡರು.

“ಯಾರು ಹೇಳಿದರು ನಿನಗೆ?”

“ಯಾರಾದ್ರೂ ಯೋಳ್ಲಿ. ನಮ್ಮೂರೇನಾ?”

“ಹೌದು.” ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು, ತಮ್ಮ ಕುರ್ಚಿಗೆ ಹೋಗದೆ ಅವಳ ಪಕ್ಕದ ಸ್ಟೂಲಿನ ಮೇಲೆ ಕುಳಿತರು. “ನಾನೇ ಬಂದು ಹೇಳಬೇಕು ಅಂತಿದ್ದೆ. ಡೆಲ್ಲಿಯಿಂದ ಬಂದ ಮೇಲೆ. ನೋಡು ರಾಮವ್ವ, ಎರಡೂ ಊರಿಗೆ ಕಬ್ಬಿಣದ ಉಪ್ಪು ಕೊಟ್ಟಿದ್ದರೆ, ಗುಣ ಆದದ್ದು ಉಪ್ಪಿನಿಂದಲೋ, ಮಳೆ ಚಲೋ ಆಗಿ ರಾಗಿ ಬೆಳೆದದ್ದರಿಂದಲೋ ಅಂತ ಸರಕಾರದವರು ಕೇಳ್ತಾರೆ. ಏನು ಹೇಳಲಿ? ಕೊಟ್ಟ ಊರು, ಕೊಡದ ಊರು ಎರಡೂ ಪಕ್ಕಪಕ್ಕ ಇಟ್ಟು ತೋರಿಸಿದರೇ ನಂಬೋದು. ನಿಮ್ಮೂರಿನಿಂದಾಗಿ ನಾಳೆ ಈ ದೇಶದಾಗೆ ಲಕ್ಷಗಟ್ಟಲೆ ಹೆಂಗಸರಿಗೆ ಈ ಉಪ್ಪು ಸಿಕ್ಕೀತು.”

ಮಾತಿನಲ್ಲಿ ಸುಳ್ಳಿರಲಿಲ್ಲ. ರಾಮಮ್ಮನಿಗೆ ಅದು ತಿಳಿಯಿತು. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು.

“ನಂಗೆ ಯೋಳ್ಬೋದಿತ್ತಲ್ಲ ಅವ್ವ.”

“ಹೇಳಿದ್ದರೆ ನೀನು ಊರಿಗೆ ಹೇಳ್ತಿದ್ದೆ.”

“ಯೋಳ್ತಿದ್ದೆ.”

“ಹೇಳಿದ್ದರೆ ಯಾರೂ ತಿಂತಿರಲಿಲ್ಲ. ಕೆಲಸ ಅಲ್ಲೇ ನಿಲ್ತಿತ್ತು.”

ರಾಮಮ್ಮ ಹಾಳೆಯನ್ನೇ ನೋಡುತ್ತಿದ್ದಳು. ಹಸಿರು ಗೆರೆಯ ಮೇಲೆ ಆರಾರು ತಿಂಗಳಿಗೊಂದು ಚುಕ್ಕೆ ಇತ್ತು. ಮೂರನೆಯ ಚುಕ್ಕೆ ಯಾವ ತಿಂಗಳಿನದೆಂದು ಲೆಕ್ಕ ಹಾಕಿದಳು. ಅದರ ಹಿಂದಿನ ವಾರವೇ ಬೋರಮ್ಮನ ವಿಷಯ ಕೇಳಲು ಈ ಕೋಣೆಗೆ ಬಂದಿದ್ದಳು.

ಬೋರಮ್ಮ ಅವಳ ವಾರಗಿತ್ತಿ, ಮೈದುನ ಮರಿಯಪ್ಪನ ಹೆಂಡತಿ. ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಬೋರಮ್ಮ ಮದುವೆಯಾಗಿ ಬಂದಾಗ ಹದಿನಾರು ವರ್ಷ. ತಲೆ ಬಾಚಿ ಜಡೆ ಹಾಕಿದ್ದು, ಎರಡು ಬಾಣಂತನ ಮಾಡಿದ್ದು ರಾಮಮ್ಮನೇ. ಮೂರನೆಯ ಸಲ ಬಸುರಾದಾಗ ಬೋರಮ್ಮ ಬಿಳಿಚಿಕೊಂಡಿದ್ದಳು. ಹಿತ್ತಲ ಗೋಡೆಯ ಕೆಮ್ಮಣ್ಣು ಕೆರೆದು ಯಾರೂ ಕಾಣದಂತೆ ತಿನ್ನುತ್ತಿದ್ದಳು. ಊರಿಗೆ ಬರುವ ಸರ್ಕಾರದ ನರ್ಸಮ್ಮ ರೆಪ್ಪೆ ಎಳೆದು ನೋಡಿ, ಕಾಗದದಲ್ಲಿ ಮೂವತ್ತು ಮಾತ್ರೆ ಕಟ್ಟಿ ಕೊಟ್ಟಿದ್ದಳು. ಉಪ್ಪಿನ ಕೆಲಸ ನಡೆಯುವಾಗ ಬೇರೆ ಟಾನಿಕ್ಕು, ಮಾತ್ರೆ ಯಾರೂ ತಿನ್ನಬಾರದು, ತಿಂದರೆ ಲೆಕ್ಕ ತಪ್ಪುತ್ತದೆ ಎಂಬುದು ಸಂಸ್ಥೆಯ ಕಟ್ಟಪ್ಪಣೆ. ರಾಮಮ್ಮ ಆ ಪೊಟ್ಟಣ ಹಿಡಿದುಕೊಂಡು ಇಲ್ಲಿಗೆ ಬಂದಿದ್ದಳು. ಇದನ್ನು ಕೊಡಲಾ, ಉಪ್ಪೇ ಸಾಕಾ ಎಂದು ಕೇಳಿದ್ದಳು. ಜಗದಾಂಬಾ ಕಿಟಕಿಯ ಕಡೆ ನೋಡಿ, ಕನ್ನಡಕವನ್ನು ಸೆರಗಿನಿಂದ ಒರೆಸಿ, “ಸದ್ಯಕ್ಕೆ ಉಪ್ಪೇ ತಿನ್ನಲಿ. ರಕ್ತ ಪರೀಕ್ಷೆ ಆಗಲಿ, ನೋಡೋಣ,” ಎಂದಿದ್ದರು.

ಪರೀಕ್ಷೆ ಆಯಿತು. ನೋಡಲು ಯಾರೂ ಬರಲಿಲ್ಲ. ಎಂಟು ತಿಂಗಳಿಗೇ ಬೋರಮ್ಮನಿಗೆ ನೋವು ಕಾಣಿಸಿತು. ಮಗು ಹುಟ್ಟಿತು, ರಕ್ತ ನಿಲ್ಲಲಿಲ್ಲ. ತರಕಾರಿ ಲಾರಿಯಲ್ಲಿ ಮಲಗಿಸಿಕೊಂಡು ಪೇಟೆಯ ದೊಡ್ಡಾಸ್ಪತ್ರೆಗೆ ಹೋದರು. ದೊಡ್ಡಣ್ಣ, ಮರಿಯಪ್ಪ ಇಬ್ಬರೂ ಒಂದೊಂದು ಬಾಟಲಿ ರಕ್ತ ಕೊಟ್ಟರು. ಬೋರಮ್ಮ ಉಳಿದಳು. ಹೆಣ್ಣುಮಗು ಹನ್ನೊಂದು ದಿನ ಇತ್ತು. ಅಳುವುದಕ್ಕೂ ಶಕ್ತಿ ಇಲ್ಲದ ಮಗು, ಬೆಕ್ಕಿನ ಮರಿಯಂತೆ ಸದ್ದು ಮಾಡುತ್ತಿತ್ತು. ಹನ್ನೆರಡನೆಯ ದಿನ ಬೆಳಗ್ಗೆ ಆ ಸದ್ದೂ ಇರಲಿಲ್ಲ. ಬಾಣಂತಿ ಕೋಣೆಯಲ್ಲಿ ಬೋರಮ್ಮ ರಾಮಮ್ಮನ ಕೈ ಹಿಡಿದು, “ನೀನು ಕೊಟ್ಟ ಉಪ್ಪು ತಿಂದಿದ್ಕೇ ಅಕ್ಕ, ನಾನಾದ್ರೂ ಉಳ್ಕೊಂಡೆ,” ಎಂದಿದ್ದಳು.

“ಬೋರಮ್ಮನ ಇಸ್ಯ ಕೇಳಕ್ಕೆ ಬಂದಿದ್ನಲ್ಲ,” ಎಂದಳು ರಾಮಮ್ಮ. “ಆಗ ನಿಮಗೆ ಗೊತ್ತಿತ್ತಾ, ನಾವು ತಿಂತಿರೋದು ಬರೀ ಉಪ್ಪು ಅಂತ?”

ಪಕ್ಕದ ಕೋಣೆಯಲ್ಲಿ ಯಾರೋ ಟೈಪು ಹೊಡೆಯುತ್ತಿದ್ದರು. ಆ ಸದ್ದು ನಿಂತು ಮತ್ತೆ ಶುರುವಾಯಿತು.

“ಗೊತ್ತಿತ್ತು.”

“ಗೊತ್ತಿದ್ದೂ ಮಾತ್ರೆ ಬ್ಯಾಡ ಅಂದ್ರಿ.”

“ಬೇಡ ಅನ್ನಲಿಲ್ಲ ನಾನು. ನೋಡೋಣ ಅಂದೆ.” ಹಾಗೆಂದ ಮೇಲೆ ಅವರಿಗೇ ಆ ಮಾತು ಹಿಡಿಸಲಿಲ್ಲವೆಂದು ಕಾಣುತ್ತದೆ. ಕೈಯಲ್ಲಿದ್ದ ಪೆನ್ಸಿಲನ್ನು ಮೇಜಿನ ಮೇಲಿಟ್ಟರು. “ಆ ವರ್ಷ ನಿಮ್ಮೂರಾಗೆ ಹದಿನಾಲ್ಕು ಜನ ಬಸುರಿಯರಿದ್ದರು ರಾಮವ್ವ. ಒಬ್ಬಾಕಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕು. ಮೇಲಿನವರು ಒಪ್ಪುತ್ತಿರಲಿಲ್ಲ.”

“ಕೇಳಿದ್ರಾ ಮ್ಯಾಲಿನವರನ್ನ?”

ಜಗದಾಂಬಾ ತಲೆ ತಗ್ಗಿಸಿದರು. ಕೇಳಿರಲಿಲ್ಲ.

ಇವರು ನಮ್ಮನೆಯ ಮುದ್ದೆ ತಿಂದವರು ಎಂಬುದೊಂದೇ ರಾಮಮ್ಮನ ತಲೆಯಲ್ಲಿ ಸುತ್ತುತ್ತಿತ್ತು. ಮಗು ಹೋದ ಮೇಲೆ ಇದೇ ಜಗದಾಂಬಾ ಮನೆಗೆ ಬಂದಿದ್ದರು. ಬೋರಮ್ಮನ ಪಕ್ಕದಲ್ಲಿ ಚಾಪೆಯ ಮೇಲೆ ಅರ್ಧ ದಿನ ಕುಳಿತು, ಅವಳ ಕಣ್ಣು ಒರೆಸಿ, ಹಣ್ಣು ಬಿಡಿಸಿ ತಿನ್ನಿಸಿದ್ದರು. ಜೀಪು ಹತ್ತುವಾಗ ಅವರ ಕಣ್ಣೂ ಒದ್ದೆಯಾಗಿತ್ತು. ಅದನ್ನು ನೋಡಿ ಇಡೀ ಬೀದಿ, ಇಂಥ ಡಾಕ್ಟರು ಎಲ್ಲಿ ಸಿಕ್ಕಾರು ಎಂದಿತ್ತು. ಆ ಅಳು ನಿಜದ್ದೇ ಇರಬೇಕು. ನಿಜದ್ದಾದರೆ ಅದನ್ನು ಏನು ಮಾಡುವುದು ಎಂದು ರಾಮಮ್ಮನಿಗೆ ತಿಳಿಯಲಿಲ್ಲ.

ಜಗದಾಂಬಾ ಎದ್ದು ಗೋಡೆಯ ಬೀರುವಿನಿಂದ ಒಂದು ತಗಡಿನ ಡಬ್ಬಿ ತೆಗೆದು ತಂದು ಅವಳ ಮುಂದಿಟ್ಟರು. “ಇದರಾಗೆ ಸಾವಿರ ಮಾತ್ರೆ ಅದಾವೆ. ಕಬ್ಬಿಣದ್ದು. ಇವತ್ತೇ ತಗೊಂಡು ಹೋಗು. ಬರೋ ತಿಂಗಳಿನಿಂದ ನಿಮ್ಮೂರಿಗೆ ಕೆಂಪು ಗೆರೆಯ ಉಪ್ಪೇ ಕಳಸ್ತೀನಿ, ಇದು ನನ್ನ ಮಾತು. ಹೊಸ ಕೆಲಸ ಒಂದು ಶುರುವಾಗತ್ತೆ, ಅದಕ್ಕೆ ನೀನೇ ಮೇಲ್ವಿಚಾರಕಿ ಆಗಬೇಕು ಅಂತ ಬರೆದೂ ಆಗೇತಿ.”

ರಾಮಮ್ಮ ಡಬ್ಬಿಯ ಮುಚ್ಚಳ ತೆಗೆದಳು. ಕರಿಗೆಂಪು ಬಣ್ಣದ ಮಾತ್ರೆಗಳು. ನರ್ಸಮ್ಮ ಕೊಟ್ಟವೂ ಹೀಗೇ ಇದ್ದವು. ಒಂದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಮತ್ತೆ ಒಳಗೆ ಹಾಕಿದಳು.

“ಇದ್ರಾಗೆ ಏನೈತೆ ಅಂತ ನಂಗೆ ಎಂಗೆ ಗೊತ್ತಾಯ್ತದೆ?” ಎಂದಳು.

ದನಿ ಏರಿಸಿ ಕೇಳಿದ್ದಲ್ಲ. ನಿಜಕ್ಕೂ ತಿಳಿಯಬೇಕೆಂದು ಕೇಳಿದಂತಿತ್ತು. ರಾಮಮ್ಮ ಡಬ್ಬಿಯ ಮುಚ್ಚಳ ಹಾಕಿ, ಮೇಜಿನ ಮೇಲೆ ಅವರ ಕಡೆಗೆ ಸರಿಸಿ ಹೊರಟಳು.

ಅಲ್ಲಿಂದ ಅವಳು ನಡೆದುಕೊಂಡೇ ವಿಜಯನಗರದ ಸರ್ಕಾರಿ ಹೆಲ್ತ್ ಸೆಂಟರಿಗೆ ಹೋದಳು. ಬಾಗಿಲಲ್ಲಿ ಕುಳಿತ ಆಯಾ, ಲೇಡಿ ಡಾಕ್ಟರು ಸೋಮವಾರ ಬರುತ್ತಾರೆ, ಯಾರಿಗೆ ಮಾತ್ರೆ ಬೇಕೋ ಅವರನ್ನೇ ಕರೆದುಕೊಂಡು ಬರಬೇಕು, ನೋಡದೆ ಕೊಡುವುದಿಲ್ಲ ಎಂದಳು. ನೋಡದೆ ಕೊಡುವುದಿಲ್ಲ ಎಂಬ ಮಾತು ರಾಮಮ್ಮನಿಗೆ ಆ ದಿನ ಸಿಕ್ಕ ಮೊದಲ ಸಮಾಧಾನ.

ಊರಿಗೆ ಹಿಂದಿರುಗುವಾಗ ಬಸ್ಸಿನಲ್ಲಿ ಹೇಳಬೇಕೋ ಬೇಡವೋ ಎಂದು ಯೋಚಿಸಿದಳು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸೋಮವಾರ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಮಾತ್ರೆ ಕೊಡಿಸಿದರಾಯಿತು. ಬೋರಮ್ಮ ಉಪ್ಪಿನಿಂದಲೇ ಬದುಕಿದೆನೆಂದು ನಂಬಿಕೊಂಡು ಇರುತ್ತಾಳೆ. ಸುಂಕದಕಟ್ಟೆ ಬರುವ ಹೊತ್ತಿಗೆ ಹಾಗೇ ಮಾಡುವುದೆಂದು ಗಟ್ಟಿಮಾಡಿಕೊಂಡಿದ್ದಳು. ಊರ ಮುಂದೆ ಇಳಿದು ನಡೆಯುವಾಗ, ಹೇಳಿದ್ದರೆ ಯಾರೂ ತಿಂತಿರಲಿಲ್ಲ ಎಂದ ಜಗದಾಂಬಾ ಅವರ ಮಾತು ನೆನಪಾಯಿತು. ತಾನೂ ಈಗ ಅದನ್ನೇ ಮಾಡಹೊರಟಿದ್ದೇನೆ ಅನ್ನಿಸಿತು. ಅವಳು ಮನೆಗೆ ಹೋಗಲಿಲ್ಲ. ನೇರ ಬಾವಿಯ ಹತ್ತಿರ ಹೋದಳು.

ಬಿಸಿಲು ಇಳಿದಿತ್ತು. ಹತ್ತು ಹನ್ನೆರಡು ಹೆಂಗಸರು ಕೊಡ ಹಿಡಿದು ನಿಂತಿದ್ದರು. ಬೋರಮ್ಮನೂ ಇದ್ದಳು. ರಾಮಮ್ಮ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಎರಡು ಊರು, ಎರಡು ಗೆರೆ, ಹಾಳೆಯ ಮೇಲೆ ಏಳದೆ ಮಲಗಿದ್ದ ನಮ್ಮೂರು. ಮಾತ್ರೆ ಕೇಳಲು ಹೋಗಿದ್ದು, ಗೊತ್ತಿದ್ದೂ ಡಾಕ್ಟರಮ್ಮ ಸುಮ್ಮನಿದ್ದದ್ದು. ಹೇಳಿ ಮುಗಿಸಿದಾಗ ರಾಟೆಯ ಸದ್ದೂ ನಿಂತಿತ್ತು.

ಮೊದಲು ಮಾತಾಡಿದವಳು ಮುದುಕಿ ಪಾಪಮ್ಮ. “ಓಗ್ಲಿ ಬುಡು. ಎರಡು ವರ್ಸ ಉಪ್ಪು ಪುಕ್ಕಟೆ ಬಂತಲ್ಲ,” ಎಂದು ಕೊಡ ಎತ್ತಿಕೊಂಡಳು.

ವೆಂಕಟಲಕ್ಷ್ಮಮ್ಮ ಹಾಗೆ ಬಿಡುವವಳಲ್ಲ. ತಿಪ್ಪೆಗೆ ಮೊದಲು ಪೊಟ್ಟಣ ಎಸೆದವಳೂ ಅವಳೇ. “ತಿಂಗ್ಳು ತಿಂಗ್ಳು ಸಂಬ್ಳ ಈಸ್ಕಂಡೋಳು ನೀನು. ನಿಂಗೆ ಗೊತ್ತಿರನಿಲ್ವಾ?”

“ಇರನಿಲ್ಲ ಕಣವ್ವ.”

“ಮಗೀನ ಮ್ಯಾಲೆ ಆಣೆ ಇಕ್ಕಿದ್ದೆ.”

“ಇಕ್ಕಿದ್ದೆ.”

“ಗೊತ್ತಿಲ್ದೇ ಯಾರಾದ್ರೂ ಮಗೀನ ಮ್ಯಾಲೆ ಆಣೆ ಇಕ್ತಾರಾ?”

ರಾಮಮ್ಮ ತಾನು ಮೋಸ ಹೋದವಳು ಎಂದುಕೊಂಡು ಬಂದಿದ್ದಳು. ಇಲ್ಲಿ ನಿಂತವರ ಕಣ್ಣಿಗೆ ತಾನು ಮೋಸ ಮಾಡಿದವಳು ಎಂಬುದು ಆಗಷ್ಟೇ ಅವಳಿಗೆ ಹೊಳೆಯಿತು. ಈ ಹೆಂಗಸರಿಗೆ ಜಗದಾಂಬಾ ಯಾರು? ಜೀಪಿನಲ್ಲಿ ಬಂದು ಹೋದವರು. ಮಂಗಳವಾರ ಮಂಗಳವಾರ ಬಾಗಿಲು ತಟ್ಟಿದ್ದು ರಾಮಮ್ಮ.

ಬೋರಮ್ಮ ಬಾವಿಕಟ್ಟೆಗೆ ಒರಗಿ ನಿಂತಿದ್ದಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಯಾವುದೋ ಹಳೆಯ ವಿಷಯ ನೆನಪು ಮಾಡಿಕೊಳ್ಳುವಂತೆ ಕೇಳಿದಳು.

“ಆ ನರ್ಸಮ್ಮನ ಮಾತ್ರೆ, ನಾನು ನಾಕು ತಿಂದಿದ್ನಲ್ಲಕ್ಕಾ?”

“ಊಂ.”

“ತಿಂತೀನಿ ಅಂದಿದ್ದೆ. ಚೆನ್ನಾಗವೆ, ವಾಂತಿ ಬರಾಕಿಲ್ಲ ಅಂದಿದ್ದೆ. ನೀನೇ ಕೈಯಿಂದ ಈಸ್ಕಂಡೆ.”

“ಈಸ್ಕಂಡೆ ಬೋರಿ.”

ಬೋರಮ್ಮ ತಲೆಯಾಡಿಸಿದಳು. ಆಮೇಲೆ ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಮನೆಯ ದಾರಿ ಹಿಡಿದಳು. ಬಾವಿಯಿಂದ ಮನೆಗೆ ಇಬ್ಬರೂ ಯಾವಾಗಲೂ ಜೊತೆಯಲ್ಲೇ ಹೋಗುತ್ತಿದ್ದರು. ಅಂದು ರಾಮಮ್ಮ ಅವಳು ತಿರುವು ದಾಟುವವರೆಗೆ ಕಾದು ಆಮೇಲೆ ಹೊರಟಳು.

ಮರುದಿನದಿಂದ ಬೋರಮ್ಮ ಅವಳೊಡನೆ ಮಾತು ಬಿಟ್ಟಳು. ಜಗಳವಿಲ್ಲ, ಕೊಂಕಿಲ್ಲ. ಹೊತ್ತಿಗೆ ಸರಿಯಾಗಿ ಮುದ್ದೆ ತಿರುವಿದಳು, ರಾಮಮ್ಮನ ತಟ್ಟೆಗೂ ಇಟ್ಟಳು. ಏನಾದರೂ ಕೇಳಬೇಕಾದರೆ ಮಗಳನ್ನು ಕರೆದು, “ನಿಮ್ಮ ದೊಡ್ಡವ್ವಂಗೆ ಕೇಳು, ಸಾರು ಬೇಕಾ ಅಂತ,” ಎನ್ನುತ್ತಿದ್ದಳು. ದೊಡ್ಡವ್ವ ಎರಡು ಮಾರು ದೂರದಲ್ಲಿ ಕುಳಿತಿರುತ್ತಿದ್ದಳು. ಮಗುವಿಗೆ ಇದೊಂದು ಆಟವಾಯಿತು. ಗಿರಣಿಯಿಂದ ಬಂದ ದೊಡ್ಡಣ್ಣ ವಿಷಯ ಕೇಳಿ, ನಿನ್ನದೇನು ತಪ್ಪು ಎಂದ. ಮರಿಯಪ್ಪ ಮಾತ್ರ ಅತ್ತಿಗೆಯ ಮುಖ ನೋಡದೆ, ಸೋಮವಾರ ಅವಳನ್ನೂ ಕರೆದುಕೊಂಡು ಹೋಗಿ, ನಾನು ಹೇಳಿದೀನಿ, ಬರುತ್ತಾಳೆ ಎಂದ.

ಮಂಗಳವಾರಕ್ಕೆಂದು ಮಾಡಿಕೊಂಡಿದ್ದ ಮನೆಗಳ ಪಟ್ಟಿ ಹಿಡಿದು ರಾಮಮ್ಮ ಶನಿವಾರ, ಭಾನುವಾರ ಎರಡು ದಿನ ಬಾಗಿಲು ಬಾಗಿಲಿಗೆ ಹೋದಳು. ಕೆಲವರು ಒಳಗಿನಿಂದಲೇ, ಇಲ್ಲ ಎಂದರು. ವೆಂಕಟಲಕ್ಷ್ಮಮ್ಮ ಬಾಗಿಲು ತೆರೆಯಲೇ ಇಲ್ಲ. ಬರುತ್ತೇವೆ ಎಂದವರು ಒಂಬತ್ತು ಜನ. ಸೋಮವಾರ ಬೆಳಗ್ಗೆ ಏಳೂವರೆಗೆ ಬಸ್ಸಿನ ಹತ್ತಿರ ಬಂದವರು ಪಾಪಮ್ಮನ ಸೊಸೆ, ಅವಳ ನಾದಿನಿ, ಆಮೇಲೆ ಬೋರಮ್ಮ.

ಬಸ್ಸು ತಾವರೆಕೆರೆಯಿಂದ ತುಂಬಿಕೊಂಡೇ ಬಂದಿತ್ತು. ಪಾಪಮ್ಮನ ಸೊಸೆ, ನಾದಿನಿ ಇಬ್ಬರೂ ಹಿಂದೆ ನಿಂತರು. ಮುಂದೆ ಹೆಂಗಸರ ಕಡೆ ಎರಡು ಜಾಗ ಖಾಲಿ ಇದ್ದವು, ಒಂದರ ಹಿಂದೆ ಒಂದು. ಬೋರಮ್ಮ ಮುಂದಿನ ಸೀಟಿನ ಕಿಟಕಿಗೆ ಹೋಗಿ ಕುಳಿತಳು. ರಾಮಮ್ಮ ಅವಳ ಹಿಂದೆ ಕುಳಿತಳು. ಕಂಡಕ್ಟರು ಪರಿಚಯದವನು. ಇಬ್ಬರನ್ನೂ ಒಟ್ಟಿಗೆ ಎಷ್ಟೋ ಸಲ ನೋಡಿದವನು.

“ಏನಮ್ಮಾ, ಇಬ್ರುದೂ ಒಟ್ಗೇನಾ?” ಎಂದು ರಾಮಮ್ಮನನ್ನು ಕೇಳಿದ.

ಅವಳು ಚಿಲ್ಲರೆಗೆ ಕೈ ಹಾಕುವಷ್ಟರಲ್ಲಿ ಬೋರಮ್ಮ ಸೆರಗಿನ ಗಂಟು ಬಿಚ್ಚಿದ್ದಳು.

“ನಂದು ಬ್ಯಾರೆ,” ಎಂದಳು.

ಕಂಡಕ್ಟರು ಎರಡು ಚೀಟಿ ಬೇರೆ ಬೇರೆ ಹರಿದು ಕೊಟ್ಟು ಹಿಂದಕ್ಕೆ ಹೋದ. ಬಸ್ಸು ಪೇಟೆಯ ಕಡೆಗೆ ಓಡಿತು. ಸೂರ್ಯ ಎದುರಿಗೇ ಇದ್ದ. ಬೋರಮ್ಮ ಕಿಟಕಿಯ ಸರಳಿಗೆ ತಲೆಯಾನಿಸಿ ಹೊರಗೆ ನೋಡುತ್ತಿದ್ದಳು. ಹಿಂದಿನ ಸೀಟಿನಲ್ಲಿದ್ದ ರಾಮಮ್ಮನಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಒಂದು ಕಿವಿ ಮಾತ್ರ ಕಾಣುತ್ತಿತ್ತು. ಬೆಳಗಿನ ಬಿಸಿಲು ಅದರ ತೆಳ್ಳನೆಯ ಅಂಚಿನೊಳಗಿಂದ ಹಾಯ್ದು ಬರುತ್ತಿತ್ತು. ಕೆಂಪಿರಬೇಕಾದ ಕಡೆ ಎಣ್ಣೆ ಸವರಿದ ಕಾಗದದ ಬಣ್ಣವಿತ್ತು.